ನಾಲ್ಕು ಮುಕ್ಕಾಲು ತಿಂಗಳ ಮಗು: ಹಗಲು ಐದೇ ನಿಮಿಷ ಹಾಲು, ರಾತ್ರಿ ಏಳು ಸಲ. ನಾನು ಶಾಲೆಯ ಕೆಲಸಕ್ಕೆ ಮರಳುವ ಮೊದಲು ಸರಿಮಾಡುವುದು ಹೇಗೆ?

ನೀರ್ಚಾಲು ಟೀಚರ್

ಮಗಳಿಗೆ ನಾಲ್ಕು ತಿಂಗಳು 20 ದಿನ. ಹುಟ್ಟುವಾಗ 2.9 ಕಿಲೋ, ನಾಲ್ಕು ತಿಂಗಳು ತುಂಬಿದಾಗ ಅಂಗನವಾಡಿಯಲ್ಲಿ ತೂಗಿದ್ದು 6.1, ಮೊನ್ನೆ 6.4. ಎದೆಹಾಲು ಮತ್ತು ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಹನಿ, ಬೇರೇನೂ ಕೊಡುವುದಿಲ್ಲ. ದಿನಕ್ಕೆ ಏಳೆಂಟು ಸಲ ಬಟ್ಟೆ ಚಂಡಿ ಮಾಡುತ್ತಾಳೆ.

ಹಗಲು ಏಳು ಸಲ ಹಾಲಿಗೆ ಹಿಡಿದರೂ ನಾಲ್ಕೈದು ನಿಮಿಷ ಕುಡಿದು ತಲೆ ತಿರುಗಿಸುತ್ತಾಳೆ. ಯಾರಾದರೂ ಮಾತಾಡಿದರೆ, ನಾಯಿ ಬೊಗಳಿದರೆ, ಮತ್ತೆ ಕಚ್ಚುವುದೇ ಇಲ್ಲ. ಹಗಲು ನಿದ್ದೆ ನಾಲ್ಕು, ಎಲ್ಲ ಸೀರೆ ತೊಟ್ಟಿಲಲ್ಲಿ, 35ರಿಂದ 40 ನಿಮಿಷ. ಕೊನೆಯದು ಸಂಜೆ ಆರೂವರೆಯಿಂದ ಏಳೂಕಾಲು. ರಾತ್ರಿ ಒಂಬತ್ತೂವರೆಗೆ ಹಾಲು ಕುಡಿಯುತ್ತ ನಿದ್ದೆ. ಆಮೇಲೆ 11, 12.30, 2, 3, 4, 5, 6 ಹೀಗೆ ಏಳುತ್ತಾಳೆ, ಪ್ರತಿ ಸಲವೂ ಹಾಲೇ ಬೇಕು.

ನನ್ನ 180 ದಿನದ ರಜೆ ಮುಗಿಯಲು ಇನ್ನು 40 ದಿನ ಉಂಟು. ಬೆಳಿಗ್ಗೆ 9.15ಕ್ಕೆ ಹೊರಟರೆ ಸಂಜೆ 4.30ಕ್ಕೆ ಮನೆ. ನೋಡಿಕೊಳ್ಳುವವರು ಅತ್ತೆ. ರಾತ್ರಿಯ ಹಾಲು ಕಡಿಮೆ ಮಾಡುವುದು ಹೇಗೆ? ಹಾಲು ಹಿಂಡಿ ಇಟ್ಟರೆ ನಮ್ಮ ಸೆಕೆಗೆ ಎಷ್ಟು ಹೊತ್ತು ನಿಲ್ಲುತ್ತದೆ? ಕುಪ್ಪಿಯೋ ಒಳಲೆಯೋ (ಹಾಲು ಕುಡಿಸುವ ಮೂತಿ ಇರುವ ಸಣ್ಣ ಪಾತ್ರೆ)? ಐದು ತುಂಬಿದ ಕೂಡಲೆ ಕೂವೆ ಮಣ್ಣಿ (ಕೂವೆ ಗೆಡ್ಡೆಯ ಹುಡಿ ಬೇಯಿಸಿದ ಗಂಜಿ) ಕೊಟ್ಟರೆ ಹೊಟ್ಟೆ ತುಂಬಿ ಮಲಗುತ್ತಾಳೆ ಎಂದು ಅತ್ತೆ ಹೇಳುತ್ತಾರೆ, ಅದು ಸರಿಯೋ?

ಕುಂಬ್ಳೆ ಸಿಸ್ಟರ್

ಟೀಚರ್, ಮೊದಲು ತೂಕ ನೋಡುವ. 20 ದಿನಕ್ಕೆ 300 ಗ್ರಾಂ, ಅಂದರೆ ದಿನಕ್ಕೆ 15 ಗ್ರಾಂ. ಮೂರರಿಂದ ಆರು ತಿಂಗಳ ನಡುವೆ ದಿನಕ್ಕೆ 15ರಿಂದ 20 ಗ್ರಾಂ ಏರಿದರೆ ಸಾಕು. ಮೂತ್ರವೂ 24 ಗಂಟೆಗೆ 6 ಸಲಕ್ಕಿಂತ ಹೆಚ್ಚು. ಹಾಗಾಗಿ ಹಾಲು ಸಾಲುವುದಿಲ್ಲವೋ ಎಂಬ ಹೆದರಿಕೆ ಬಿಡಿ. ಅವಳಿಗೆ ಬೇಕಾದಷ್ಟು ಹಾಲು ಸಿಗುತ್ತಾ ಉಂಟು, ಹೆಚ್ಚಿನ ಪಾಲು ರಾತ್ರಿ ಸಿಗುತ್ತಾ ಉಂಟು, ಅಷ್ಟೆ. ಒಟ್ಟು ಹಾಲು ಕಡಿಮೆ ಮಾಡುವುದಲ್ಲ ನಿಮ್ಮ ಕೆಲಸ, ಅದನ್ನು ರಾತ್ರಿಯಿಂದ ಹಗಲಿಗೆ ಸರಿಸುವುದು. ಆದ್ದರಿಂದ ಮೊದಲ ಐದಾರು ದಿನ ರಾತ್ರಿಯನ್ನು ಮುಟ್ಟಲೇ ಬೇಡಿ. ಹಗಲಿನ ಹಾಲು ಏರದೆ ರಾತ್ರಿ ನಿಲ್ಲಿಸಿದರೆ ಹಸಿದ ಮಗು ಕೂಗದೆ ಇನ್ನೇನು ಮಾಡಬೇಕು?

ಈ ಪ್ರಾಯದಲ್ಲಿ ದೂರದ್ದು ಚೆನ್ನಾಗಿ ಕಾಣಲು ಸುರುವಾಗುತ್ತದೆ, ಶಬ್ದ ಬಂದ ಕಡೆ ತಿರುಗುತ್ತಾರೆ. ಜಗಲಿಯಲ್ಲಿ, ಟಿವಿ ಇರುವ ಕೋಣೆಯಲ್ಲಿ ಕುಳಿತು ಕೊಟ್ಟರೆ ಕುಡಿಯುವುದಿಲ್ಲ. ಒಳಕೋಣೆಗೆ ಹೋಗಿ, ಕಿಟಿಕಿಗೆ ಬಟ್ಟೆ ಇಳಿಸಿ, ಫ್ಯಾನ್ ಹಾಕಿ. ಫ್ಯಾನಿನ ಒಂದೇ ಸಮನೆಯ ಶಬ್ದ ಹೊರಗಿನ ಸದ್ದನ್ನು ನುಂಗುತ್ತದೆ. ಕೈಗೆ ಹಿಡಿಯಲು ಏನಾದರೂ ಬೇಕು ಅವಳಿಗೆ, ನಿಮ್ಮ ಸೆರಗಿನ ತುದಿ ಸಾಕು. ಅತಿ ಒಳ್ಳೆಯ ಹೊತ್ತು ಹಗಲು ನಿದ್ದೆಯಿಂದ ಎದ್ದ ಮೊದಲ ಎರಡು ನಿಮಿಷ. ಕಣ್ಣು ಅರ್ಧ ಮುಚ್ಚಿರುವಾಗಲೇ ಎತ್ತಿಕೊಳ್ಳಿ. ಹೊರಗೆ ತಂದು ಎಲ್ಲರ ಕೈಗೆ ಕೊಟ್ಟು, ಅರ್ಧ ಗಂಟೆ ಬಿಟ್ಟು ಹಾಲಿಗೆ ಹಿಡಿದರೆ ಆ ಹೊತ್ತು ತಪ್ಪಿತು.

ಎರಡು, ಎರಡೂವರೆ ಗಂಟೆಗೊಮ್ಮೆ ಕರೆದು ಕೊಡಿ, ಅವಳು ಕೇಳುವವರೆಗೆ ಕಾಯಬೇಡಿ. ಚೀಪುವುದು ನಿಧಾನವಾದಾಗ ನಾಲ್ಕು ಬೆರಳು ಕೆಳಗೆ, ಹೆಬ್ಬೆರಳು ಮೇಲೆ ಇಟ್ಟು ಎದೆಯನ್ನು ಮೆತ್ತಗೆ ಒತ್ತಿ ಹಿಡಿಯಿರಿ. ಹಾಲು ಇಳಿದು ಮತ್ತೆ ನುಂಗಲು ಸುರುಮಾಡುತ್ತಾಳೆ. ಅದು ನಿಂತ ಮೇಲೆ ಇನ್ನೊಂದು ಬದಿ. ಗಡಿಯಾರ ನೋಡಿ 20 ನಿಮಿಷ ಕುಡಿಸಬೇಕೆಂದಿಲ್ಲ, ಈ ಪ್ರಾಯದ ಕೆಲವು ಮಕ್ಕಳು ಏಳೆಂಟು ನಿಮಿಷದಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ. ನೋಡಬೇಕಾದ್ದು ಗಂಟಲು. ನುಂಗುವಾಗ ಗದ್ದ ಒಂದು ಕ್ಷಣ ಕೆಳಗೆ ನಿಂತು, "ಕ್" ಎಂಬ ಸಣ್ಣ ಶಬ್ದ ಬರುತ್ತದೆ. ಬರೇ ಚೀಪುವಾಗ ಗದ್ದ ಬೇಗಬೇಗ ನಡುಗಿದ ಹಾಗೆ ಆಡುತ್ತದೆ, ಶಬ್ದ ಇರುವುದಿಲ್ಲ.

ಈ ವ್ಯತ್ಯಾಸ ಗೊತ್ತಾದ ಮೇಲೆ ಮೂರು ರಾತ್ರಿ ಬರೆದಿಡಿ: ಎದ್ದ ಗಂಟೆ, ನುಂಗಿದ್ದು ಎಷ್ಟು ನಿಮಿಷ. ಏಳರಲ್ಲಿ ಎರಡೋ ಮೂರೋ ಸಲ ಐದು ನಿಮಿಷಕ್ಕಿಂತ ಹೆಚ್ಚು ನುಂಗಿರುತ್ತಾಳೆ. ಅವು ಹಸಿವೆಯವು, ಅವನ್ನು ಉಳಿಸಿ. ಉಳಿದವು ನಿದ್ದೆಗೆ ಮರಳುವ ದಾರಿ ಮಾತ್ರ, ಅವನ್ನೇ ಕಡಿಮೆ ಮಾಡಬೇಕಾದ್ದು. ಐದು ತಿಂಗಳ, ಎದೆಹಾಲು ಮಾತ್ರ ಕುಡಿಯುವ ಮಗು ರಾತ್ರಿ ಎರಡು ಮೂರು ಸಲ ಕುಡಿಯುವುದು ಸರಿಯಾದ ವಿಷಯವೇ. ಪೂರಾ ನಿಲ್ಲಿಸಿ ಎಂದು ಯಾರು ಹೇಳಿದರೂ ಕೇಳಬೇಡಿ. ಶಾಲೆಗೆ ಹೋಗಲು ಸುರುಮಾಡಿದ ಮೇಲೆ ನಿಮ್ಮ ಹಾಲನ್ನು ಉಳಿಸುವುದೂ ರಾತ್ರಿಯ ಅದೇ ಎರಡು ಮೂರು ಸಲ.

ಪಯಸ್ವಿನಿ ದಡ

ಸಿಸ್ಟರ್ ಹೇಳಿದ ಮೇಲೆ ಹಾಲಿನ ಬಗ್ಗೆ ನಾನು ಸೇರಿಸುವುದಿಲ್ಲ. ನಿದ್ದೆಯ ಭಾಗ ಬರೆಯುತ್ತೇನೆ.

ಹಗಲು ನಿದ್ದೆ ಪ್ರತಿಸಲ 35, 40 ನಿಮಿಷಕ್ಕೆ ಮುಗಿಯುವುದಕ್ಕೆ ಕಾರಣ ಉಂಟು. ಮೂರು ನಾಲ್ಕು ತಿಂಗಳ ಹೊತ್ತಿಗೆ ನಿದ್ದೆಯ ಸುತ್ತು ಬದಲಾಗುತ್ತದೆ. ಸುಮಾರು 40ರಿಂದ 50 ನಿಮಿಷಕ್ಕೊಂದು ಸುತ್ತು ಮುಗಿದು, ಮಗು ಅರೆ ಎಚ್ಚರಕ್ಕೆ ಬರುತ್ತದೆ. ಮಲಗುವಾಗ ತೊಟ್ಟಿಲು ಆಡುತ್ತಿತ್ತು, ಈಗ ನಿಂತಿದೆ. ಬಾಯಲ್ಲಿ ಮೊಲೆ ಇತ್ತು, ಈಗ ಇಲ್ಲ. ಇದ್ದದ್ದು ಬೇಕೆಂದು ಕೂಗುತ್ತದೆ. ಮಲಗಿಸುವಾಗ ಏನಿತ್ತೋ ಅದೇ ನಡುವೆ ಎದ್ದಾಗಲೂ ಇದ್ದರೆ ತಾನಾಗಿ ಮುಂದಿನ ಸುತ್ತಿಗೆ ಹೋಗುವುದು ಕಲಿಯುತ್ತದೆ.

ಹೊತ್ತು ಮೊದಲು ಸರಿಮಾಡಿ. ಸಂಜೆ ಆರೂವರೆಯ ನಿದ್ದೆಯೇ ರಾತ್ರಿಯನ್ನು ಒಂಬತ್ತೂವರೆಗೆ ತಳ್ಳುವುದು. ಈ ಪ್ರಾಯದ ಮಗು ಎಚ್ಚರ ಇರಬಲ್ಲದ್ದು ಒಂದೂವರೆ ಗಂಟೆಯಿಂದ ಎರಡೂಕಾಲು. ಕೊನೆಯ ಹಗಲು ನಿದ್ದೆ ಐದೂಮುಕ್ಕಾಲಕ್ಕೆ ಮುಗಿಯಲಿ, ಬೇಕಾದರೆ ಎಬ್ಬಿಸಿ. ಏಳೂಮುಕ್ಕಾಲಕ್ಕೆ ರಾತ್ರಿಯ ನಿದ್ದೆ. ಒಂದೇ ದಿನ ಎರಡು ಗಂಟೆ ಹಿಂದೆ ತಂದರೆ ಆಗುವುದಿಲ್ಲ, ಎರಡು ದಿನಕ್ಕೊಮ್ಮೆ 15 ನಿಮಿಷ. 24 ಗಂಟೆಯಲ್ಲಿ ಹಗಲೂ ರಾತ್ರಿಯೂ ಸೇರಿ 12ರಿಂದ 16 ಗಂಟೆ ನಿದ್ದೆ ಆದರೆ ಸಾಕು. ನಮ್ಮ ಕಡೆಯ ಮನೆಗಳಲ್ಲಿ ಇದು ಕಷ್ಟ ಎಂದು ಗೊತ್ತು: ದೀಪ ಹಚ್ಚಿ, ಭಜನೆ ಮುಗಿದು, ಎಲ್ಲರೂ ಒಟ್ಟಾಗಿ ಮಗುವನ್ನು ಆಡಿಸುವ ಹೊತ್ತೇ ಅದು. ಅಜ್ಜನಿಗೂ ಅದೇ ಹೊತ್ತು ಬೇಕು. ಆ ಆಟವನ್ನು ಆರರಿಂದ ಏಳರ ನಡುವೆ ಮುಗಿಸಿ, ಏಳರ ನಂತರ ಕೋಣೆಯಲ್ಲಿ ಸಣ್ಣ ಹಳದಿ ಬೆಳಕು ಮಾತ್ರ ಇರಲಿ.

ಈಗ ಮೊಲೆ ಬಿಡಿಸಿ ಮಲಗಿಸುವುದು. ಹಾಲನ್ನು ನಿದ್ದೆಗೆ 20 ನಿಮಿಷ ಮೊದಲು ಕೊಡಿ, ಆಮೇಲೆ ಮೈ ಒರೆಸಿ ಬಟ್ಟೆ ಬದಲಿಸಿ, ಆಮೇಲೆ ಜೋಗುಳ. ಹಾಲಿಗೂ ನಿದ್ದೆಗೂ ನಡುವೆ ಒಂದು ಕೆಲಸ ಬಂದರೆ ಗಂಟು ಸಡಿಲ ಆಗುತ್ತದೆ. ಕುಡಿಯುತ್ತಲೇ ನಿದ್ದೆ ಬರುವ ಹಾಗಾದರೆ, ನುಂಗುವುದು ನಿಂತು ಗದ್ದ ನಡುಗಲು ಸುರುವಾದಾಗ ಕಿರುಬೆರಳನ್ನು ಬಾಯಿಯ ಮೂಲೆಯಿಂದ ಒಸಡುಗಳ ನಡುವೆ ತೂರಿಸಿ ಗಾಳಿ ಬಿಡಿಸಿ, ಮೊಲೆ ತೆಗೆಯಿರಿ. ಸುಮ್ಮನೆ ಎಳೆದರೆ ಮೊಲೆ ತೊಟ್ಟು ಒಡೆಯುತ್ತದೆ. ಬಾಯಿ ಹುಡುಕಿದರೆ ಗದ್ದದ ಕೆಳಗೆ ಬೆರಳಿಟ್ಟು ಹತ್ತು ಎಣಿಸುವವರೆಗೆ ಮೆತ್ತಗೆ ಮೇಲಕ್ಕೆ ಹಿಡಿಯಿರಿ. ನಿಲ್ಲದಿದ್ದರೆ ಮತ್ತೆ ಕೊಡಿ, ಮತ್ತೆ ತೆಗೆಯಿರಿ. ಮೊದಲ ರಾತ್ರಿ ನಾಲ್ಕೈದು ಸಲ ಬೇಕಾಗುತ್ತದೆ, ಒಂದು ವಾರದಲ್ಲಿ ಒಂದೆರಡು ಸಲಕ್ಕೆ ಇಳಿಯುವುದುಂಟು.

ಇದನ್ನು ರಾತ್ರಿ ಮಲಗಿಸುವ ಒಂದೇ ಹೊತ್ತಿನಲ್ಲಿ ಸುರುಮಾಡಿ. ಆಗ ನಿದ್ದೆಯ ಎಳೆತ ಅತಿ ಹೆಚ್ಚು, ಕೂಗು ಕಡಿಮೆ. ನಾಲ್ಕೈದು ದಿನ ಕಳೆದು ನಡುರಾತ್ರಿಯ ಚೀಪುವ ಹೊತ್ತುಗಳಿಗೆ ಬನ್ನಿ. ಅಲ್ಲಿ ಎಂಟು ನಿಮಿಷ ಚೀಪುತ್ತಿದ್ದರೆ ಎರಡು ರಾತ್ರಿ ಆರು, ಆಮೇಲೆ ಎರಡು ರಾತ್ರಿ ನಾಲ್ಕು, ಆಮೇಲೆ ತಟ್ಟುವುದು ಮಾತ್ರ. ಹೊಟ್ಟೆ ತುಂಬ ಕುಡಿದು ಎರಡು ಗಂಟೆಯೂ ಆಗದೆ ಎದ್ದರೆ ಮೊದಲು ಎದೆಯ ಮೇಲೆ ಕೈ ಇಟ್ಟು ಐದು ನಿಮಿಷ ನೋಡಿ. ಕೂಗು ಏರುತ್ತಾ ಹೋದರೆ ಹಾಲು ಕೊಡಿ, ಹಟ ಬೇಡ. ಹಗಲು ನಿದ್ದೆ ಕೊನೆಗೆ.

ಸೀರೆ ತೊಟ್ಟಿಲಿನ ಬಗ್ಗೆ ಒಂದು ಮಾತು ಖಂಡಿತ ಹೇಳಬೇಕು. ಬಟ್ಟೆ ಬಾಗಿ ಮಗುವಿನ ಗದ್ದ ಎದೆಗೆ ತಾಗಿ ಕೂತರೆ ಉಸಿರಿನ ದಾರಿ ಸಣ್ಣದಾಗುತ್ತದೆ. ನಿಮ್ಮ ಮಗಳು ಮಗುಚಲು ಸುರುಮಾಡುವ ಪ್ರಾಯ, ಮೇಲಿಂದ ಬೀಳುವ ಅಪಾಯವೂ ಉಂಟು. ನಿದ್ದೆ ಹತ್ತಿದ ಮೇಲೆ ಚಾಪೆಯ ಮೇಲೆ ಹಾಸಿದ ತೆಳ್ಳಗಿನ ಗಟ್ಟಿ ಹಾಸಿಗೆಗೆ ಅಂಗಾತ ಇಳಿಸುವುದು ಅಭ್ಯಾಸ ಮಾಡಿ. ಇಳಿಸುವಾಗ ಮೊದಲು ಕುಂಡೆ, ಆಮೇಲೆ ಬೆನ್ನು, ಕೊನೆಗೆ ತಲೆ. ತಲೆ ಮೊದಲು ಇಳಿದರೆ ಬಿದ್ದ ಹಾಗಾಗಿ ಎರಡೂ ಕೈ ಚಾಚಿ ಬೆಚ್ಚುತ್ತಾಳೆ. ದಿಂಬು, ಸುತ್ತ ಇಡುವ ಉದ್ದ ದಿಂಬುಗಳು, ದಪ್ಪ ಹೊದಿಕೆ ಯಾವುದೂ ಬೇಡ. ಬಟ್ಟೆಯಲ್ಲಿ ಬಿಗಿದು ಸುತ್ತುವ ಅಭ್ಯಾಸ ಇದ್ದರೆ ಇಂದೇ ನಿಲ್ಲಿಸಿ. ಸೆಕೆಗೆ ಎದ್ದಳೋ ಎಂದು ನೋಡಲು ಕೈಕಾಲು ಮುಟ್ಟಬೇಡಿ, ಕುತ್ತಿಗೆಯ ಹಿಂದೆ ಮುಟ್ಟಿ. ಅಲ್ಲಿ ಬೆವರಿದ್ದರೆ ಒಂದು ಬಟ್ಟೆ ಕಡಿಮೆ ಮಾಡಿ.

ಮುಳ್ಳೇರಿಯ ತೋಟ

ಹಾಲು ಹಿಂಡಿ ಇಡುವ ವಿಷಯ. ತಾಯಿ ಇಲ್ಲದ ಹೊತ್ತಿಗೆ ಗಂಟೆಗೆ 30ರಿಂದ 45 ಮಿಲಿ ಲೆಕ್ಕ. ನಿಮ್ಮದು ಏಳೂಕಾಲು ಗಂಟೆ, ಅಂದರೆ 220ರಿಂದ 330 ಮಿಲಿ. 80, 90 ಮಿಲಿಯ ಮೂರು ಪಾಲು ಮಾಡಿ, 30 ಮಿಲಿಯ ಒಂದು ಸಣ್ಣ ಪಾಲು ಕೈಗಾವಲಿಗೆ ಇರಲಿ. ದೊಡ್ಡ ಪಾಲು ಮಾಡಿದರೆ ಉಳಿದದ್ದು ಹಾಳು: ಮಗು ಬಾಯಿ ಇಟ್ಟ ಹಾಲನ್ನು ಎರಡು ಗಂಟೆಯೊಳಗೆ ಮುಗಿಸಬೇಕು, ಇಲ್ಲವಾದರೆ ಚೆಲ್ಲಬೇಕು. ಎದೆಹಾಲು ಚೆಲ್ಲುವ ಸಂಕಟ ಹಿಂಡಿದವರಿಗೇ ಗೊತ್ತು.

25 ಡಿಗ್ರಿಯವರೆಗಿನ ಕೋಣೆಯಲ್ಲಿ ಹೊಸ ಹಾಲು 4 ಗಂಟೆ ನಿಲ್ಲುತ್ತದೆ. ನಮ್ಮಲ್ಲಿ ಏಪ್ರಿಲ್, ಮೇಯಲ್ಲಿ ಮನೆಯೊಳಗೇ 30 ದಾಟುತ್ತದೆ, ಹಾಗಾಗಿ ಆ 4 ಗಂಟೆಯನ್ನು ನಂಬದೆ ಹಿಂಡಿದ ಕೂಡಲೆ ಫ್ರಿಜ್ಜಿಗೆ ಇಡಿ. ಫ್ರಿಜ್ಜಿನ ಒಳಗಿನ ಹಿಂಬದಿಯಲ್ಲಿ 4 ದಿನ, ಬಾಗಿಲಿನ ಅಟ್ಟೆಯಲ್ಲಿ ಬೇಡ, ತೆರೆದಾಗಲೆಲ್ಲ ಬಿಸಿ ತಾಗುತ್ತದೆ. ಫ್ರೀಜರಿನಲ್ಲಿ 6 ತಿಂಗಳು. ಫ್ರೀಜರಿನದ್ದನ್ನು ಹಿಂದಿನ ರಾತ್ರಿ ಫ್ರಿಜ್ಜಿಗೆ ಇಳಿಸಿ, ಪೂರಾ ಕರಗಿದ ಮೇಲೆ 24 ಗಂಟೆಯೊಳಗೆ ಕೊಡಿ. ಬಿಸಿ ಮಾಡುವುದು ಎಂದರೆ ಉಗುರು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಲೋಟ ಇಡುವುದು ಮಾತ್ರ. ಒಲೆಯ ಮೇಲೆ ಕುದಿಸಬಾರದು, ಮೈಕ್ರೋವೇವ್ ಬೇಡವೇ ಬೇಡ. ಕೆನೆ ಮೇಲೆ, ನೀಲಿ ನೀರು ಕೆಳಗೆ ಬೇರೆಯಾಗಿ ಕಂಡರೆ ಅತ್ತೆಯವರು ಹಾಳಾಯಿತೆಂದು ಚೆಲ್ಲಿಬಿಟ್ಟಾರು. ಮೆತ್ತಗೆ ತಿರುಗಿಸಿದರೆ ಸೇರುತ್ತದೆ ಎಂದು ಮೊದಲೇ ತೋರಿಸಿ ಕೊಡಿ.

ಮಳೆಗಾಲದಲ್ಲಿ ಕರೆಂಟ್ ಹೋದರೆ ಫ್ರಿಜ್ಜು ತೆರೆಯಲೇ ಬೇಡಿ. ಮುಚ್ಚಿದ ಫ್ರಿಜ್ಜು ಸುಮಾರು 4 ಗಂಟೆ ತಂಪು ಹಿಡಿಯುತ್ತದೆ. ಫ್ರೀಜರಿನ ಹಾಲಿನಲ್ಲಿ ಇನ್ನೂ ಮಂಜಿನ ಹರಳು ಇದ್ದರೆ ಅಲ್ಲೇ ಇಡಬಹುದು. ಪೂರಾ ಕರಗಿದ್ದನ್ನು ಮತ್ತೆ ಗಟ್ಟಿ ಮಾಡಬೇಡಿ.

ರಜೆ ಮುಗಿಯಲು ಮೂರು ವಾರ ಇರುವಾಗ ಹಿಂಡಲು ಸುರುಮಾಡಿದರೆ ಸಾಕು. ಬೆಳಿಗ್ಗೆಯ ಮೊದಲ ಹಾಲು ಕೊಟ್ಟು 45 ನಿಮಿಷ ಬಿಟ್ಟು, ದಿನಕ್ಕೆ ಒಂದೇ ಸಲ. ಕೈ ತೊಳೆದು, ಹೆಬ್ಬೆರಳು ಮತ್ತು ತೋರುಬೆರಳನ್ನು ಕಪ್ಪು ಭಾಗದ ಅಂಚಿನಿಂದ ಸ್ವಲ್ಪ ಹಿಂದೆ ಎದುರುಬದುರು ಇಟ್ಟು, ಮೊದಲು ಪಕ್ಕೆಯ ಕಡೆಗೆ ಒಳಕ್ಕೆ ಒತ್ತಿ, ಆಮೇಲೆ ಬೆರಳು ಸೇರಿಸಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಬಾರದು, ಜಾರಿದರೆ ನೋವೂ ಹೌದು, ಹಾಲೂ ಬರುವುದಿಲ್ಲ. ತೊಟ್ಟನ್ನು ಎಳೆದರಂತೂ ಏನೂ ಬರುವುದಿಲ್ಲ. ಮೊದಲ ದಿನಗಳಲ್ಲಿ 30 ಮಿಲಿ ಬಂದರೂ ಒಳ್ಳೆಯದೇ. ಬೇರೆ ಬೇರೆ ಹೊತ್ತಿನದ್ದನ್ನು ಸೇರಿಸುವುದಾದರೆ ಹೊಸದನ್ನು ತಂಪು ಮಾಡಿ ಸೇರಿಸಿ, ಗಂಟೆ ಬರೆದು ಅಂಟಿಸಿ. 600, 700 ಮಿಲಿ ಕೂಡಿದರೆ ಎರಡು ದಿನಕ್ಕೆ ಆಯಿತು, ಅದಕ್ಕಿಂತ ಹೆಚ್ಚು ಬೇಡ. ಆಮೇಲೆ ಇಂದು ಶಾಲೆಯಲ್ಲಿ ಹಿಂಡಿದ್ದು ನಾಳೆಗೆ. ಬೆಳಿಗ್ಗೆ ಇಂಟರ್‌ವೆಲ್‌ಗೆ ಒಂದು ಸಲ, ಊಟದ ಹೊತ್ತಿಗೆ ಒಂದು ಸಲ, 15, 20 ನಿಮಿಷ. ಮಂಜುಗಡ್ಡೆ ಪ್ಯಾಕ್ ಇಟ್ಟ ದಪ್ಪ ಗೋಡೆಯ ಊಟದ ಚೀಲದಲ್ಲಿ 24 ಗಂಟೆಯವರೆಗೆ ಇರುತ್ತದೆ, ನಿಮಗೆ ಬೇಕಾದ್ದು ಐದಾರು ಗಂಟೆ.

ಕುಪ್ಪಿ ಬೇಡ, ಒಳಲೆ ಸಾಕು, ಆರು ತುಂಬಿದ ಮೇಲೆ ಸಣ್ಣ ಸ್ಟೀಲ್ ಲೋಟ. ಕುಪ್ಪಿಯ ನಿಪ್ಪಲಿನ ಮೂಲೆ ತೊಳೆಯುವುದು ಕಷ್ಟ, ಸುಲಭವಾಗಿ ಇಳಿಯುವ ಹಾಲಿಗೆ ಒಗ್ಗಿದ ಕೆಲವು ಮಕ್ಕಳು ಮೊಲೆ ಹಿಡಿಯಲು ಹಟ ಮಾಡುತ್ತಾರೆ. ಒಳಲೆಯನ್ನು ದಿನಕ್ಕೊಮ್ಮೆ 10 ನಿಮಿಷ ಕುದಿಸಿ. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕುಳ್ಳಿರಿಸಿ, ಒಳಲೆಯ ಮೂತಿಯನ್ನು ಕೆಳತುಟಿಯ ಮೇಲೆ ಬಾಯಿಯ ಮೂಲೆಗೆ ತಾಗಿಸಿ, ಹಾಲು ತುಟಿಗೆ ತಾಗುವಷ್ಟು ಮಾತ್ರ ಬಾಗಿಸಿ ನಿಲ್ಲಿಸಿ. ಅವಳೇ ನಾಲಗೆ ಚಾಚಿ ತೆಗೆದುಕೊಳ್ಳಬೇಕು. ಗಂಟಲಿಗೆ ಹೊಯ್ದರೆ ಕೆಮ್ಮಿ, ನೆತ್ತಿಗೇರಿ, ಮರುದಿನ ಒಳಲೆ ಕಂಡರೇ ಬಾಯಿ ಮುಚ್ಚುತ್ತಾಳೆ. 80 ಮಿಲಿಗೆ 15ರಿಂದ 20 ನಿಮಿಷ ಬೇಕು, ಅವಸರ ಮಾಡಬಾರದು. ಅಭ್ಯಾಸ ಮಾಡಿಸುವಾಗ ಅತ್ತೆಯೇ ಕೊಡಲಿ, ನೀವು ಆ ಕೋಣೆಯಲ್ಲಿ ಇರಬೇಡಿ. ಹಾಲು ಕುಡಿದು ಒಂದು ಗಂಟೆ ಆದಾಗ, 20 ಮಿಲಿಯಿಂದ ಸುರು. ಹಸಿದು ಕೂಗುವಾಗ ಹೊಸ ಪಾತ್ರೆ ತೋರಿಸಬಾರದು.

ನೀರ್ಚಾಲು ಟೀಚರ್

ತುಂಬ ಉಪಕಾರ ಆಯಿತು ಎಲ್ಲರಿಗೂ. ಒಳಕೋಣೆಯಲ್ಲಿ ಕೊಡಲು ಸುರುಮಾಡಿ ಒಂದು ವಾರ ಆಯಿತು, ಹಗಲು ಎರಡೂ ಬದಿ ಕುಡಿಯುತ್ತಾಳೆ. ರಾತ್ರಿ ನಾಲ್ಕು ಸಲಕ್ಕೆ ಬಂದಿದೆ. ಮೊನ್ನೆ ಎರಡು ಗಂಟೆಯದ್ದೂ ಮೂರು ಗಂಟೆಯದ್ದೂ ಒಟ್ಟಿಗೆ ತಪ್ಪಿದವು. ಬೆಳಿಗ್ಗೆ ಎಡಬದಿಯಲ್ಲಿ ಕಂಕುಳ ಕಡೆ ಅಡಕೆಯಷ್ಟು ಗಂಟು, ಮುಟ್ಟಿದರೆ ನೋವು, ಜ್ವರ ಇಲ್ಲ. ಬಿಸಿನೀರ ಬಟ್ಟೆ ಇಟ್ಟು ಎಣ್ಣೆ ಹಾಕಿ ಗಟ್ಟಿಯಾಗಿ ಉಜ್ಜಬೇಕೆಂದು ಮನೆಯಲ್ಲಿ ಹೇಳುತ್ತಾರೆ. ಮಣ್ಣಿಯ ಬಗ್ಗೆಯೂ ಯಾರೂ ಹೇಳಲಿಲ್ಲ.

ಕುಂಬ್ಳೆ ಸಿಸ್ಟರ್

ಉಜ್ಜಬೇಡಿ ಟೀಚರ್. ಅಲ್ಲಿ ಆಗಿರುವುದು ಬಾವು, ಗಟ್ಟಿಯಾಗಿ ತಿಕ್ಕಿದರೆ ಒಳಗಿನ ಊತ ಇನ್ನೂ ಹೆಚ್ಚಾಗಿ ಹಾಲಿನ ದಾರಿ ಇನ್ನಷ್ಟು ಮುಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಅಥವಾ ತಂಪು ನೀರಿನ ಬಟ್ಟೆಯನ್ನು 10, 15 ನಿಮಿಷ ಇಡಿ, ದಿನಕ್ಕೆ ಕೆಲವು ಸಲ. ಆ ಬದಿ ಎಂದಿನ ಹಾಗೆ ಕೊಡಿ. ಗಂಟು ಹೋಗಬೇಕೆಂದು ಹೆಚ್ಚು ಹೆಚ್ಚು ಹಿಂಡಿ ಖಾಲಿ ಮಾಡಲು ಹೋಗಬೇಡಿ, ಹಿಂಡಿದಷ್ಟೂ ಹಾಲು ಹೆಚ್ಚು ತಯಾರಾಗುತ್ತದೆ. ಬಿಗಿಯಾದ ಬ್ರಾ ಬೇಡ. ನೋವಿಗೆ ಮಾತ್ರೆ ಬೇಕಾದರೆ ಆರೋಗ್ಯ ಕೇಂದ್ರದಲ್ಲಿ ಕೇಳಿ ತೆಗೆದುಕೊಳ್ಳಿ. ಒಂದೆರಡು ದಿನದಲ್ಲಿ ಇಳಿಯಬೇಕು. ಜ್ವರ, ಚಳಿ ಬಂದರೆ, ಚರ್ಮ ಕೆಂಪಾಗಿ ಹರಡಿದರೆ, 24 ಗಂಟೆಯಲ್ಲೂ ಕಡಿಮೆ ಆಗದಿದ್ದರೆ ಡಾಕ್ಟರರನ್ನು ಕಾಣಲೇಬೇಕು, ಔಷಧ ಬೇಕಾಗಬಹುದು. ಆಗಲೂ ಹಾಲು ನಿಲ್ಲಿಸಬೇಕಾಗಿಲ್ಲ.

ಮುಂದೆ ಎರಡು ಹೊತ್ತು ಒಟ್ಟಿಗೆ ಬಿಡಬೇಡಿ. ಒಂದು ಬಿಟ್ಟು ಮೂರು ನಾಲ್ಕು ರಾತ್ರಿ ಕಾಯಿರಿ, ಎದೆ ಅಷ್ಟಕ್ಕೆ ಒಗ್ಗುತ್ತದೆ. ಮಗು ಮಲಗಿದ್ದು ನಿಮಗೆ ಬಿಗಿದು ಎಚ್ಚರವಾದರೆ, ಬಿಗಿ ಸಡಿಲ ಆಗುವಷ್ಟು ಮಾತ್ರ, ಎರಡು ಮೂರು ನಿಮಿಷ ಕೈಯಲ್ಲಿ ಹಿಂಡಿ.

ಪಯಸ್ವಿನಿ ದಡ

ಮಣ್ಣಿಯ ವಿಷಯ. ಆರು ತಿಂಗಳು ತುಂಬುವವರೆಗೆ ಬೇಡ, ನೀರೂ ಬೇಡ. ಎದೆಹಾಲಿನಲ್ಲಿ ನೂರಕ್ಕೆ ಹೆಚ್ಚುಕಡಿಮೆ 87 ಭಾಗ ನೀರೇ, ಸೆಕೆಗಾಲಕ್ಕೂ ಅದು ಸಾಕು. ಕೂವೆ ಹುಡಿ ಹೆಚ್ಚುಕಡಿಮೆ ಪೂರಾ ಪಿಷ್ಟ, ಪ್ರೋಟೀನೂ ಕಬ್ಬಿಣವೂ ಇಲ್ಲವೆನ್ನುವಷ್ಟು ಕಡಿಮೆ. ಸಣ್ಣ ಹೊಟ್ಟೆಯಲ್ಲಿ ಅದು ಹಾಲಿನ ಜಾಗ ಹಿಡಿಯುತ್ತದೆ, ಹಗಲಿನ ಹಾಲು ಮತ್ತೆ ಕಡಿಮೆ ಆಗಿ ರಾತ್ರಿ ಪುನಃ ಏಳಲು ಸುರುಮಾಡುತ್ತಾಳೆ, ನೀವು ಒಂದು ವಾರ ಪಟ್ಟ ಕಷ್ಟ ನೀರಿಗೆ ಹೋಗುತ್ತದೆ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವ ಪದ್ಧತಿ ಇದ್ದರೆ ಅದೂ ಬೇಡ. ಜೇನಿನಲ್ಲಿ ಇರಬಹುದಾದ ಬೊಟುಲಿಸಂ ರೋಗಾಣುವಿನ ಬೀಜ ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಮೊಳೆತು ವಿಷ ಮಾಡಬಲ್ಲದು.

ಅತ್ತೆಯವರಿಗೆ "ಬೇಡ" ಎನ್ನುವ ಬದಲು "ಆರು ತುಂಬಿದ ದಿನ ನೀವೇ ಸುರುಮಾಡಿ" ಎನ್ನಿ. ಅಷ್ಟು ಹೊತ್ತಿಗೆ ನಿಮ್ಮ ರಜೆಯೂ ಮುಗಿಯುತ್ತದೆ, ಎರಡೂ ಹೊಂದಿಕೊಳ್ಳುತ್ತದೆ. ಚಮಚ ಬಾಗಿಸಿದರೆ ಸುರಿಯದಷ್ಟು ದಪ್ಪಗೆ ಮಾಡಿದ ರಾಗಿ ಮಣ್ಣಿ, ಮೆತ್ತಗೆ ಬೇಯಿಸಿ ಅರೆದ ಹೆಸರುಬೇಳೆ ಅನ್ನ, ಎರಡು ಮೂರು ಚಮಚ, ದಿನಕ್ಕೆ ಎರಡು ಸಲ. ಅಂಗನವಾಡಿಯಲ್ಲಿ ಸಿಗುವ, ಕೇರಳದ ಮಹಿಳಾ ಸಂಘ ಕುಟುಂಬಶ್ರೀಯ ಅಮೃತಂ ಹುಡಿಯೂ ಆರು ತಿಂಗಳಿನ ನಂತರದ್ದೇ. ಅದರಲ್ಲಿ ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ ಇರುತ್ತವೆ, ಹಾಗಾಗಿ ಗೋಧಿ, ನೆಲಗಡಲೆ ಬೇರೆಬೇರೆಯಾಗಿ ಸ್ವಲ್ಪ ಸ್ವಲ್ಪ ಕೊಟ್ಟು ಎರಡು ಮೂರು ದಿನ ನೋಡಿ ಆಮೇಲೆ ಅದಕ್ಕೆ ಹೋಗುವುದು ಒಳ್ಳೆಯದು. ಯಾವತ್ತೂ ಮೊದಲು ಹಾಲು, ಆಮೇಲೆ ಮಣ್ಣಿ.

ಮುಳ್ಳೇರಿಯ ತೋಟ

ಒಂದು ವಿಷಯ ಬಿಟ್ಟುಹೋಯಿತು, ಅತ್ತೆಯವರ ಹೊತ್ತು. ಎಣ್ಣೆ ಹಚ್ಚಿ ಮೀಯಿಸುವುದನ್ನು ಈಗಿನಿಂದಲೇ ಎಂಟೂಕಾಲಕ್ಕೆ ತನ್ನಿ. ಮಿಂದ ನಂತರದ ನಿದ್ದೆಯೇ ದಿನದ ಅತಿ ಉದ್ದದ್ದು. ಮೀಯಿಸಿ, ಎಂಟೂಮುಕ್ಕಾಲಕ್ಕೆ ಎರಡೂ ಬದಿ ಹಾಲು ಕೊಟ್ಟು, ಮಲಗಿಸುವುದನ್ನು ಅತ್ತೆಯ ಕೈಗೆ ಬಿಡಿ. ನೀವು ಹೊರಡುವುದನ್ನು ಅವಳು ಎಚ್ಚರದಲ್ಲೇ ನೋಡಲಿ, ಮಲಗಿಸಿ ಕದ್ದು ಹೋದರೆ ಎದ್ದು ಹುಡುಕಿ ಕೂಗುತ್ತಾಳೆ. ಒಳಲೆಯ ಹಾಲು ಹನ್ನೊಂದೂವರೆಗೆ, ಒಂದೂವರೆಗೆ, ಮೂರಕ್ಕೆ. ಮೂರೂವರೆಯ ನಂತರ ಏನೂ ಕೊಡಬಾರದು, ತೀರಾ ಕೂಗಿದರೆ ಮಾತ್ರ ಆ 30 ಮಿಲಿ. ನೀವು ನಾಲ್ಕೂವರೆಗೆ ಬಸ್ ಇಳಿದು ಬಂದಾಗ ಎದೆ ಬಿಗಿದಿರುತ್ತದೆ, ಮಗಳು ಹಸಿದಿರಬೇಕು. ಚೀಲ ಇಟ್ಟು ಕೈಕಾಲು ತೊಳೆದು ನೇರ ಒಳಕೋಣೆಗೆ ಹೋಗಿ. ಚಹಾ ಆಮೇಲೆ.